ಮಹಾರಾಣಿ ಓದಿದ ಕಾಲೇಜು

ಜೂನ್ 4

ಮಾನ್ಯ ಡಾಕ್ಟರರಿಗೆ,

ಸಿನಿಮಾ ವಾರಪತ್ರಿಕೆಯಲ್ಲಿ ನಿಮ್ಮ ಪ್ರಕಟಣೆ ನೋಡಿದೆ. ‘ಹೆಸರಾಂತ ನಟ ನಟಿಯರು ವಿದ್ಯಾರ್ಥಿಗಳಾಗಿದ್ದ ಕಾಲದ ಕಾಲೇಜು ವಾರ್ಷಿಕ ಸಂಚಿಕೆಗಳು ಬೇಕಾಗಿವೆ’ ಎಂದಿತ್ತು. ಕೆಳಗೆ ದಂತ ಚಿಕಿತ್ಸಾಲಯದ ವಿಳಾಸ. ಹಲ್ಲು ಕೀಳುವವರಿಗೆ ಹಳೆಯ ಸಂಚಿಕೆಗಳಿಂದ ಏನು ಕೆಲಸ ಎಂದು ಎರಡು ದಿನ ಯೋಚಿಸಿದೆ. ಹೊಳೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ನಾನಿದ್ದ ಕಾಲೇಜು ಮುಚ್ಚಿ ಈಗ ಪೈಪು ತುಂಬುವ ಗೋದಾಮಾಗಿದೆ. ಮುಚ್ಚುವ ದಿನ ಸಂಚಿಕೆಗಳನ್ನೆಲ್ಲ ರದ್ದಿಗೆ ಹಾಕಲು ಹೊರಟಿದ್ದರು. ಕೈಗೆ ಸಿಕ್ಕಷ್ಟನ್ನು ಮನೆಗೆ ತಂದೆ. ಅದರಲ್ಲೊಂದರಲ್ಲಿ ನೀವು ಹುಡುಕುತ್ತಿರುವಂಥ ಒಬ್ಬರಿದ್ದಾರೆ. ರಾಣಿಯ ಪಾತ್ರಗಳಿಗೇ ಹುಟ್ಟಿದವರು ಅಂತ ಜನ ಹೇಳುತ್ತಾರಲ್ಲ, ಅವರು. ಹೆಸರು ಬರೆಯುವುದಿಲ್ಲ. ನೀವೂ ಬರೆಯಬೇಡಿ. ಪತ್ರಗಳು ಎಲ್ಲೆಲ್ಲೋ ಕೈ ಬದಲಾಯಿಸುತ್ತವೆ. ‘ಮಹಾರಾಣಿ’ ಎಂದರೆ ಸಾಕು.

ಮೊದಲು ನೀವು ಯಾರ ಕಡೆಯವರು ಎಂದು ತಿಳಿಸಿ. ಉತ್ತರವನ್ನು ಮನೆಗೆ ಕಳಿಸಬೇಡಿ. ಮೇಲೆ ಕೊಟ್ಟಿರುವ ಶಟಲ್ ಕ್ಲಬ್ಬಿನ ವಿಳಾಸಕ್ಕೆ ಕಳಿಸಿ.

ಇತಿ,
ಡ್ರಿಲ್ ಮೇಷ್ಟ್ರು

ಜೂನ್ 11

ಮೇಷ್ಟ್ರಿಗೆ ನಮಸ್ಕಾರ,

ನಾನು ಯಾರ ಕಡೆಯವಳೂ ಅಲ್ಲ. ದಿನವಿಡೀ ಜನರ ಬಾಯಿಯೊಳಗೆ ಬಗ್ಗಿ ನೋಡುವ ಹೆಂಗಸು. ಸಂಜೆ ಬಾಗಿಲು ಹಾಕಿದ ಮೇಲೆ ಈ ಸಂಚಿಕೆಗಳನ್ನು ಬಿಡಿಸಿಕೊಂಡು ಕೂರುತ್ತೇನೆ. ಇವತ್ತು ಗೋಡೆಗೋಡೆಯ ಮೇಲೆ ನಗುತ್ತಿರುವ ಮುಖಗಳು ಅದರಲ್ಲಿ ಮೂರನೆಯ ಸಾಲಿನಲ್ಲಿ ಯಾರದೋ ಹೆಗಲ ಹಿಂದೆ, ಅರ್ಧ ಮುಚ್ಚಿಕೊಂಡು ನಿಂತಿರುತ್ತವೆ. ಪಕ್ಕದಲ್ಲಿರುವವನಿಗೆ ತನ್ನ ಪಕ್ಕ ಯಾರು ನಿಂತಿದ್ದಾರೆಂದು ಗೊತ್ತಿರುವುದಿಲ್ಲ. ಅದನ್ನು ನೋಡುವುದೇ ನನಗೆ ಸುಖ. ನನ್ನ ತಮ್ಮ ಇದನ್ನು ಹುಚ್ಚು ಅನ್ನುತ್ತಾನೆ. ಅವನು ಬೀಗದ ಕೈಗಳನ್ನು ಕೂಡಿಡುತ್ತಾನೆ, ಅದು ಮಾತ್ರ ಹುಚ್ಚಲ್ಲವಂತೆ.

ಇನ್ನು ನಿಮ್ಮ ವಿಷಯ. ಮನೆಗೆ ಬರೆಯಬೇಡಿ, ಹೆಸರು ಎತ್ತಬೇಡಿ ಅನ್ನುತ್ತೀರಿ. ಬೆಲೆಯ ಮಾತೇ ಇಲ್ಲ. ಹಿಂದೆ ಒಬ್ಬ ಮಹಾಶಯ ಹಾಸ್ಯನಟನೊಬ್ಬನ ತಲೆಯ ಚಿತ್ರ ಕತ್ತರಿಸಿ, ಕಾಲೇಜಿನ ಹಾಕಿ ಆಟದ ತಂಡದ ಚಿತ್ರದ ಮೇಲೆ ಅಂಟಿಸಿ ನನಗೆ ದಾಟಿಸಿದ್ದ. ಪುಟಕ್ಕೆ ಹಬೆ ಹಿಡಿದಾಗ ತಲೆ ಕಳಚಿ ಬಿತ್ತು. ಹಾಗಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ: ನಿಮಗೆ ಬೇಕಾದದ್ದೇನು?

ಶರತ್ಕಾಲದಲ್ಲಿ ನಗರದ ಗ್ರಂಥಾಲಯದಲ್ಲಿ ನನ್ನ ಸಂಗ್ರಹದ ಪ್ರದರ್ಶನವಿದೆ. ಉದ್ಘಾಟನೆಗೆ ಬರುತ್ತಿರುವವರು ಸ್ವತಃ ಮಹಾರಾಣಿ. ಅವರ ಕಾಲೇಜಿನ ಸಂಚಿಕೆಯೇ ನನ್ನಲ್ಲಿಲ್ಲ. ನನ್ನ ಆಸೆಯನ್ನು ಮುಚ್ಚಿಡಲಾರೆ.

ಹಲ್ಲಿನ ಡಾಕ್ಟರು

ಜೂನ್ 20

ಡಾಕ್ಟರರೇ,

ಸಂಚಿಕೆ ಕಳಿಸಿದ್ದೇನೆ. ನನಗೆ ಏನೂ ಬೇಡ. ಒಂದೇ ಷರತ್ತು. ನಾಟಕ ಸಂಘದ ಚಿತ್ರವಿರುವ ಪುಟವನ್ನು ನಿಧಾನವಾಗಿ ನೋಡಬೇಕು. ನಡುವೆ ಬಹುಮಾನದ ಕಪ್ ಹಿಡಿದು ನಿಂತಿರುವ ಹುಡುಗಿಯನ್ನು ನೋಡಬೇಕು. ನೋಡಿ ನಿಮಗೆ ಅನ್ನಿಸಿದ್ದನ್ನು ಬರೆಯಬೇಕು. ನಾನು ಮೊದಲೇ ಏನೂ ಹೇಳುವುದಿಲ್ಲ. ಆಟದಲ್ಲಿ ಗೆರೆ ಕಾಯುವ ಲೈನ್‌ಮನ್ ಬಾಯಿಗೆ ಅಂಪೈರ್ ಮಾತು ತುರುಕಬಾರದು.

ಉದ್ಘಾಟನೆಗೆ ಆಕೆಯೇ ಬರುತ್ತಾರೆ ಎಂಬುದನ್ನು ನೀವು ಪ್ರಕಟಣೆಯಲ್ಲಿ ಬರೆದಿರಲಿಲ್ಲ. ಇದನ್ನು ಗಮನಿಸಿದ್ದೇನೆ.

ಡ್ರಿಲ್ ಮೇಷ್ಟ್ರು

ಜುಲೈ 2

ಮೇಷ್ಟ್ರೇ,

ನೋಡಿದೆ. ಬರಿಗಣ್ಣಿನಿಂದ, ಭೂತಗನ್ನಡಿಯಿಂದ, ಕೊನೆಗೆ ಹಲ್ಲು ನೋಡುವ ದೀಪ ಹಾಕಿ.

ಮೊದಲು ನಿಮ್ಮನ್ನೇ ಅನುಮಾನಿಸಿದೆ. ಪುಟ ಆಮೇಲೆ ಸೇರಿಸಿದ್ದೋ ಎಂದು ಪಿನ್ನು ಬಿಚ್ಚಿ ಪರೀಕ್ಷಿಸಿದೆ. ಇಲ್ಲ. ಪಿನ್ನಿನ ತುಕ್ಕು ಹಿಂದಿನ ಮುಂದಿನ ಪುಟಗಳಿಗೂ ಒಂದೇ ಸಮ ಇಳಿದಿದೆ. ಅಚ್ಚು ಅಸಲಿ. ಚಿತ್ರದ ಕೆಳಗೆ ‘ಎಡದಿಂದ ಬಲಕ್ಕೆ’ ಹೆಸರುಗಳಿವೆ. ಕಪ್ ಹಿಡಿದವಳ ಹೆಸರು ಮಹಾರಾಣಿಯ ಹೆಸರೇ. ಸಂದರ್ಶನಗಳಲ್ಲಿ ಆಕೆ ಹೇಳುವುದಕ್ಕೂ ಸರಿಹೊಂದುತ್ತದೆ: ಕಾಲೇಜಿನ ನಾಟಕದಲ್ಲಿ ಮೊದಲ ಬಹುಮಾನ, ಅದನ್ನು ಕೇಳಿ ಸಿನಿಮಾ ಕಂಪನಿಯವರು ಕರೆಸಿದರು.

ಆದರೆ ಆ ಮುಖ ಆಕೆಯದಲ್ಲ.

ಕಪ್ ಹಿಡಿದ ಹುಡುಗಿಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ, ತುಂಬಿದ ಬಸ್ಸಿನಲ್ಲಿ ಜಾಗ ಸಿಗದವರ ಹಾಗೆ. ಮಾರನೇ ವರ್ಷ ಬಂದ ಮೊದಲ ಸಿನಿಮಾದಲ್ಲಿ ಮಹಾರಾಣಿಗೆ ಅಂಥ ಹಲ್ಲಿಲ್ಲ. ಎದುರಿನ ಎರಡು ಹಲ್ಲುಗಳ ನಡುವೆ ಸಂದಿಯಿದೆ, ಅಷ್ಟೇ. ಕೆಲವೇ ತಿಂಗಳಲ್ಲಿ ಆ ಬಾಯಿಯನ್ನು ಈ ಬಾಯಿ ಮಾಡಲು ನನ್ನಿಂದಲೂ ಆಗದು. ಸಂದಿಯಿರುವ ಹುಡುಗಿ ಅದೇ ಚಿತ್ರದ ತುದಿಯಲ್ಲಿದ್ದಾಳೆ, ಪರದೆಯ ಹಗ್ಗ ಹಿಡಿದುಕೊಂಡು. ಬಾಯ್ತುಂಬ ನಗುತ್ತಿದ್ದಾಳೆ. ಅವಳ ಹೆಸರು ಬೇರೆ ಏನೋ ಇದೆ, ನಾನು ಕೇಳಿಲ್ಲದ ಹೆಸರು.

ಇದನ್ನು ನೀವು ಮೊದಲೇ ಕಂಡಿದ್ದಿರಿ. ಅಲ್ಲವೇ?

ಹಲ್ಲಿನ ಡಾಕ್ಟರು

ಜುಲೈ 9

ಡಾಕ್ಟರರೇ,

ನಿಮ್ಮ ಕಣ್ಣು ಸರಿಯಾಗಿದೆ. ಇಷ್ಟು ವರ್ಷ ಒಬ್ಬರಾದರೂ ಇದನ್ನು ತಾವಾಗಿ ಹೇಳಲಿ ಎಂದು ಕಾಯುತ್ತಿದ್ದೆ.

ಈಗ ಲೆಕ್ಕ ನೇರವಾಗಿದೆ. ಕಪ್ ಗೆದ್ದವಳು ಒಬ್ಬಳು. ಅವಳ ಹೆಸರು, ಅವಳ ಬಹುಮಾನ, ಅವಳಿಗೆ ಬಂದ ಅವಕಾಶ ಮೂರನ್ನೂ ಎತ್ತಿಕೊಂಡು ಹೋದವಳು ಇನ್ನೊಬ್ಬಳು, ಹಗ್ಗ ಎಳೆಯುತ್ತಿದ್ದವಳು. ಇದಕ್ಕೆ ಕಳ್ಳತನ ಅನ್ನದೆ ಇನ್ನೇನನ್ನುತ್ತಾರೆ? ನಿಮ್ಮ ಪ್ರದರ್ಶನದಲ್ಲಿ ಈ ಪುಟವನ್ನು ದೊಡ್ಡದಾಗಿ ಇಡಿ. ಪಕ್ಕದಲ್ಲಿ ನೀವು ನನಗೆ ಬರೆದದ್ದನ್ನೇ ಬರೆದು ಹಾಕಿ. ಪತ್ರಿಕೆಯವರು ಇರುತ್ತಾರೆ, ಆಕೆಯೂ ಇರುತ್ತಾರೆ. ಎಲ್ಲರೆದುರು ಉತ್ತರ ಕೊಡಲಿ.

ನನ್ನ ಹೆಸರು ಎಲ್ಲೂ ಬರಬಾರದು. ಪುಟ ಎಲ್ಲಿಂದ ಬಂತು ಎಂದು ಕೇಳಿದರೆ ರದ್ದಿ ಅಂಗಡಿ ಎಂದುಬಿಡಿ.

ಡ್ರಿಲ್ ಮೇಷ್ಟ್ರು

ಜುಲೈ 16

ಮೇಷ್ಟ್ರೇ,

ಈಗ ಅರ್ಥವಾಯಿತು. ನಿಮಗೆ ಸಂಚಿಕೆ ಕೊಡುವುದು ಬೇಕಿರಲಿಲ್ಲ, ಕಲ್ಲು ಹೊಡೆಯಲು ಒಂದು ಕೈ ಬೇಕಿತ್ತು. ಕೈ ನನ್ನದಾದರೆ ನಿಮ್ಮದಕ್ಕೆ ಧೂಳೂ ಅಂಟುವುದಿಲ್ಲ.

ನನಗೆ ಕಂಡದ್ದು ಹಲ್ಲು. ಕಳ್ಳತನ ಕಂಡದ್ದು ನಿಮಗೆ. ನಡುವೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿರುವಂತೆ ಕಾಣುವುದಿಲ್ಲ. ಗೊತ್ತಿದ್ದರೆ ಬರೆಯುತ್ತಿದ್ದಿರಿ. ಆ ಕಪ್ ಹಿಡಿದ ಹುಡುಗಿ ಯಾರು? ಈಗ ಬದುಕಿದ್ದಾರೆಯೇ? ಅವರ ಪರವಾಗಿ ನ್ಯಾಯ ಕೇಳುವಷ್ಟು ಸಿಟ್ಟು ನಿಮಗೆ ಯಾಕೆ? ಇಲ್ಲ, ಮಹಾರಾಣಿಯಿಂದ ನಿಮಗೆ ಬರಬೇಕಾದದ್ದು ಏನಾದರೂ ಬಾಕಿಯಿದೆಯೇ? ಈ ಪುಟ ತೋರಿಸಿ ಈ ಮೊದಲೂ ಯಾರನ್ನಾದರೂ ಹೆದರಿಸಿದ್ದೀರಾ?

ಕಟುವಾಗಿ ಬರೆದಿದ್ದೇನೆ. ಉತ್ತರವೂ ಅಷ್ಟೇ ನೇರವಾಗಿರಲಿ.

ಹಲ್ಲಿನ ಡಾಕ್ಟರು

ಜುಲೈ 23

ಡಾಕ್ಟರರೇ,

ಉದ್ಘಾಟನೆಗೆ ಬರುವ ಅತಿಥಿಯ ಮರ್ಯಾದೆ ಕಾಯುವುದು ನಿಮ್ಮ ಕರ್ತವ್ಯ ಎಂಬುದನ್ನು ನಾನು ಮರೆತೆ. ನೀವು ಯಾರ ಕಡೆ ಎಂದು ಮೊದಲ ಪತ್ರದಲ್ಲೇ ಕೇಳಿದ್ದೆ. ಈಗ ಉತ್ತರ ಸಿಕ್ಕಿತು.

ಸಂಚಿಕೆಯನ್ನು ವಾಪಸ್ ಕಳಿಸಿ.

ಡ್ರಿಲ್ ಮೇಷ್ಟ್ರು

ಆಗಸ್ಟ್ 6

ಮೇಷ್ಟ್ರೇ,

ಕ್ಲಬ್ಬಿಗೆ ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ. ಸಂಚಿಕೆ ಬಂದ ಪೊಟ್ಟಣದ ಮೇಲಿದ್ದ ಹೆಸರು ಹಿಡಿದು ಟೆಲಿಫೋನ್ ಪುಸ್ತಕದಲ್ಲಿ ನಿಮ್ಮ ಮನೆಯ ವಿಳಾಸ ಹುಡುಕಿ ಇದನ್ನು ಅಲ್ಲಿಗೇ ಕಳಿಸುತ್ತಿದ್ದೇನೆ. ಬೇಡ ಎಂದಿದ್ದಿರಿ, ಗೊತ್ತು.

ಸಂಚಿಕೆ ವಾಪಸ್ ಕಳಿಸಲು ತಕರಾರಿಲ್ಲ. ಆದರೆ ಕಳಿಸಿದರೆ ನೀವು ಇನ್ನೊಂದು ಕೈ ಹುಡುಕುತ್ತೀರಿ, ಆ ಕೈ ನನ್ನಷ್ಟು ಯೋಚಿಸದೆ ಇರಬಹುದು. ಹಾಗಾಗಿ ಕೊನೆಯ ಸಲ ಕೇಳುತ್ತೇನೆ. ಕಪ್ ಹಿಡಿದು ನಿಂತ, ಕೋರೆಹಲ್ಲಿನ ಆ ಹುಡುಗಿ ನಿಮಗೆ ಏನಾಗಬೇಕು? ಅವರ ಒಂದು ಮಾತು ಸಿಕ್ಕರೆ ಸಾಕು. ಅವರು ತೋರಿಸಿ ಅಂದರೆ ತೋರಿಸುತ್ತೇನೆ, ಯಾವ ಅತಿಥಿ ಬಂದರೂ ಸರಿ. ಬೇಡ ಅಂದರೆ ಮುಚ್ಚಿಡುತ್ತೇನೆ.

ಹಲ್ಲಿನ ಡಾಕ್ಟರು

ಆಗಸ್ಟ್ 13

ಡಾಕ್ಟರಮ್ಮನಿಗೆ,

ಕವರ್ ಮೇಲೆ ಹೆಂಗಸಿನ ಅಕ್ಷರ, ಒಳಗೆ ದಪ್ಪ ಪತ್ರ, ಮನೆಯವರ ಹೆಸರಿಗೆ. ಎರಡು ತಿಂಗಳಿಂದ ಇವರು ಆಟವಾಡದಿದ್ದರೂ ದಿನಾ ಕ್ಲಬ್ಬಿಗೆ ಹೋಗಿ ಬರುತ್ತಿದ್ದರು. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಒಡೆದು ಓದಿದೆ.

ಈ ವಯಸ್ಸಿಗೆ ಇವರಿಗೆ ಇನ್ನೇನೋ ಬುದ್ಧಿ ಬಂತು ಅಂದುಕೊಂಡು ಓದಿದರೆ ನನ್ನ ಹಲ್ಲಿನ ವಿಚಾರ!

ಕೋರೆಹಲ್ಲಿನ ಹುಡುಗಿ ಇವರಿಗೆ ಏನಾಗಬೇಕು ಅಂದರೆ, ಹೆಂಡತಿ ಆಗಬೇಕು. ಆ ಹಲ್ಲು ಈಗಲೂ ಅಲ್ಲೇ ಕೂತಿದೆ.

ಉಳಿದ ಪತ್ರಗಳನ್ನೂ ಇವರ ಕೈಯಿಂದ ತರಿಸಿ ಓದಿದೆ. ಆಮೇಲೆ ಅಡುಗೆಮನೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

“ನಿನಗೋಸ್ಕರ ಮಾಡ್ದೆ ಕಣೇ,” ಅಂದರು. “ಬ್ಯಾಂಕಲ್ಲಿ ನಿನ್ನ ಹೆಸರು ಕೂಗಿದ್ರೆ ಸಾಲಲ್ಲಿ ನಿಂತವರೆಲ್ಲ ತಿರುಗಿ ನೋಡ್ತಾರೆ, ನಿನ್ನ ನೋಡಿ ನಗ್ತಾರೆ. ನಿನ್ನ ಹೆಸರಿಗೇ ನೀನು ನಕಲಿ ಆಗಿಬಿಟ್ಟೆ. ಅದನ್ನ ನೋಡ್ಕೊಂಡು ಸುಮ್ನಿರ್ಬೇಕಿತ್ತಾ?”

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಆ ಚಿತ್ರ ಸಿಕ್ಕಿದ ದಿನ ಕೇಳಿದ್ನಲ್ಲ. ನೀನೇ ಹಳೇ ಕಥೆ ಬಿಡಿ ಅಂದೆ.”

“ಬಿಡಿ ಅಂದ್ರೆ ಬಿಡೋದು. ಅವಳು ಕದ್ಲು ಅಂತ ನಾನು ಅಂದ್ನಾ?”

ಇವರು ಆ ಕಾಲೇಜಿಗೆ ಮೇಷ್ಟ್ರಾಗಿ ಸೇರಿದ್ದು ನಾನು ಓದು ಮುಗಿಸಿ ಹೊರಬಂದ ಮೇಲೆ. ಆ ವರ್ಷ ಅಲ್ಲಿ ಏನಾಯಿತು ಅಂತ ಇವರಿಗೆ ಗೊತ್ತಿರಲು ದಾರಿಯಿಲ್ಲ. ಗೊತ್ತಿಲ್ಲದ ಜಾಗದಲ್ಲೆಲ್ಲ ಇವರು ಅನುಮಾನ ತುಂಬಿಕೊಂಡು ಕೂತಿದ್ದಾರೆ, ತೂತಿಗೆ ಬಟ್ಟೆ ತುರುಕಿದ ಹಾಗೆ. ನಿಮಗೆ ಹೇಳುತ್ತೇನೆ, ಕೇಳಿ.

ನಾಟಕದಲ್ಲಿ ನಾನು ರಾಣಿ. ಅವಳು ಪರದೆ ಎಳೆಯುವವಳು, ಮಾತು ಮರೆತರೆ ಹಿಂದಿನಿಂದ ಹೇಳಿಕೊಡುವವಳು. ನನ್ನ ಮಾತುಗಳು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತಿದ್ದವು. ಕಪ್ ನನಗೆ ಬಂತು. ಕೆಲವು ವಾರಕ್ಕೆ ಸಿನಿಮಾ ಕಂಪನಿಯಿಂದ ಕಾಲೇಜಿಗೆ ಕರೆ ಬಂತು, ನನ್ನ ಹೆಸರಿಗೆ. ಅವರು ಮುಖ ನೋಡಿರಲಿಲ್ಲ, ಹೊಗಳಿಕೆ ಕೇಳಿದ್ದರು ಅಷ್ಟೇ. ನನಗೆ ಅದರಲ್ಲಿ ಮನಸ್ಸಿರಲಿಲ್ಲ. ಅವಳು ಆ ಸುದ್ದಿ ಕೇಳಿ ನನ್ನ ಕೈ ಹಿಡಿದು ಕೂತಿದ್ದಳು. ಆ ಕೈ ಸುಡುತ್ತಿತ್ತು. “ನೀನೇ ಹೋಗು. ನಾನೇ ಅಂತ ಹೇಳು,” ಅಂದೆ. ಹೋದಳು. ಒಂದು ದಿನದ ಮಟ್ಟಿಗೆ ಅಂತ ತೊಟ್ಟ ಹೆಸರು ಮೈಗೆ ಅಂಟಿಕೊಂಡಿತು. ಪೋಸ್ಟರ್ ಮೇಲೆ ಬಂದ ಹೆಸರನ್ನು ಮತ್ತೆ ಬದಲಾಯಿಸುವುದು ಹೇಗೆ?

ಹೆಸರು ಕಳುವಾಗಿಲ್ಲ ಡಾಕ್ಟರಮ್ಮ, ನಾನೇ ಕೊಟ್ಟೆ. ಕೊಟ್ಟದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವವರು ಇರುತ್ತಾರೆ. ನಾನು ಆ ಪೈಕಿ ಅಲ್ಲ.

ಆದರೂ ಒಂದು ಕಡೆ ಚುಚ್ಚುತ್ತದೆ. ಮೊದಲ ಸಿನಿಮಾ ಆಗುವವರೆಗೆ ಪತ್ರ ಬರುತ್ತಿತ್ತು. ಆಮೇಲೆ ನಿಂತುಹೋಯಿತು. ಮರೆತಳೋ, ನನ್ನನ್ನು ಕಂಡರೆ ಭಯವೋ, ಇಲ್ಲ ತಾನೇ ನಾನು ಅಂತ ನಂಬಿಬಿಟ್ಟಳೋ, ತಿಳಿಯದು. ಇವರಿಗೆ ಅನುಮಾನ ಪಡಬೇಡಿ ಅಂತ ಬೈದೆನಲ್ಲ, ಬೈದು ಮುಗಿಸಿದ ಮೇಲೆ ನನ್ನೊಳಗೂ ಒಂದು ಕೂತಿರುವುದು ಕಂಡಿತು.

ಪುಟ ತೆರೆದಿಡಿ. ಪಕ್ಕದಲ್ಲಿ ಏನೂ ಬರೆಯಬೇಡಿ. ಅವಳು ನೋಡಿ ಏನು ಮಾಡುತ್ತಾಳೆ ಅಂತ ನನಗೆ ಬರೆಯಿರಿ, ಮನೆಯ ವಿಳಾಸಕ್ಕೆ.

ಡ್ರಿಲ್ ಮೇಷ್ಟ್ರ ಹೆಂಡತಿ

ಸೆಪ್ಟೆಂಬರ್ 28

ಪ್ರಿಯ ಅಮ್ಮನಿಗೂ ಮೇಷ್ಟ್ರಿಗೂ,

ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಇನ್ನು ಮೇಲೆ ಒಬ್ಬರಿಗೆ ಕಾಣದಂತೆ ಇನ್ನೊಬ್ಬರಿಗೆ ಬರೆಯುವ ಧೈರ್ಯ ನನಗಿಲ್ಲ. ಮೇಷ್ಟ್ರೇ, ಹೆದರಿಸಿ ಗಿಟ್ಟಿಸುವವರು ಎಂದು ನಿಮ್ಮ ಮೇಲೆ ಹೊರಿಸಿದ್ದು ತಪ್ಪು. ಆದರೆ ನನ್ನನ್ನು ಕಲ್ಲು ಹೊಡೆಯುವ ಕೈ ಮಾಡಿಕೊಂಡಿರಿ ಎಂದದ್ದು ಹಾಗೇ ಇರಲಿ.

ಪ್ರದರ್ಶನ ನಿನ್ನೆ ಆಯಿತು. ನಿಮ್ಮ ಸಂಚಿಕೆಯನ್ನು ಗಾಜಿನ ಪೆಟ್ಟಿಗೆಯೊಳಗೆ, ಮಧ್ಯದ ಮೇಜಿನ ಮೇಲೆ ತೆರೆದಿಟ್ಟಿದ್ದೆ. ಆಕೆ ಬರುವ ಹೊತ್ತಿಗೆ ರಿಬ್ಬನ್ ಕತ್ತರಿಸುವ ಕತ್ತರಿಯನ್ನು ಮೂರು ಸಲ ಒರೆಸಿ ಇಟ್ಟಿದ್ದೆ. ನಿಜ ಹೇಳಬೇಕೆಂದರೆ ಆಕೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ನೋಡಿಯೂ ನೋಡದಂತೆ ಮುಂದಿನ ಮೇಜಿಗೆ ಹೋಗುತ್ತಾರೆ, ಇಲ್ಲವೇ ಕಪ್ ಹಿಡಿದವಳ ಮೇಲೆ ಬೆರಳಿಟ್ಟು ನಕ್ಕು ಚಿತ್ರ ತೆಗೆಸಿಕೊಳ್ಳುತ್ತಾರೆ, ಇವೆರಡರಲ್ಲಿ ಒಂದು ಎಂದುಕೊಂಡಿದ್ದೆ.

ಆಕೆ ನಿಂತರು. ಕನ್ನಡಕ ಹಾಕಿಕೊಂಡರು. ಬಗ್ಗಿದರು. ಹಿಂದಿನಿಂದ ಒಬ್ಬ ವರದಿಗಾರ ಹೆಸರು ಓದಿ ಕೂಗಿದ, “ಮೇಡಂ, ಕಪ್ ಹಿಡ್ಕೊಂಡಿರೋದು ನೀವೇ ಅಲ್ವಾ?”

“ಅಲ್ಲ,” ಅಂದರು. “ನಾನು ಇಲ್ಲಿದ್ದೀನಿ.” ಬೆರಳು ಹಗ್ಗ ಹಿಡಿದವಳ ಮೇಲಿತ್ತು.

“ಮತ್ತೆ ಇದು ಯಾರು? ನಿಮ್ಮ ಹೆಸರೇ ಇದೆಯಲ್ಲ?”

“ಆ ಹೆಸರಿನವಳೇ ಅವಳು. ನಾನು ಅವಳ ಹೆಸರು ಇಟ್ಕೊಂಡೆ. ನನಗಿಂತ ಚೆನ್ನಾಗಿ ಆಕ್ಟ್ ಮಾಡ್ತಿದ್ಲು.”

ಎಲ್ಲರೂ ಗೊಳ್ಳೆಂದು ನಕ್ಕರು. ವರದಿಗಾರರಿಗೆ ಅದು ತಮಾಷೆಯಾಗಿ ಕೇಳಿಸಿತು. ಇವತ್ತಿನ ಪತ್ರಿಕೆಯಲ್ಲಿ ‘ಹಾಸ್ಯ ಚಟಾಕಿ ಹಾರಿಸಿದ ನಟಿ’ ಎಂದು ಹಾಕಿದ್ದಾರೆ, ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನಗದೆ ಇದ್ದವರು ಅಲ್ಲಿ ಇಬ್ಬರೇ, ಆಕೆ ಮತ್ತು ನಾನು.

ಚಹಾ ಕುಡಿಯುವಾಗ ನನ್ನನ್ನು ಕಿಟಕಿಯ ಕಡೆಗೆ ಕರೆದರು. “ಪುಸ್ತಕ ಅವಳ ಮನೆಯಿಂದ ಬಂತಾ?” ಹೌದೆಂದು ತಲೆಯಾಡಿಸಿದೆ. “ಅವಳು ಚೆನ್ನಾಗಿದ್ದಾಳಾ?” ಅಂದರು.

“ಗಂಡನಿಗೆ ಬೈಯುವಷ್ಟು ಚೆನ್ನಾಗಿದ್ದಾರೆ,” ಅಂದೆ.

ನಗುತ್ತಾರೆ ಎಂದುಕೊಂಡೆ. ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ನೋಡಿದರು. “ಪತ್ರ ಬರೆದ್ರೆ ಹೆಸರು ವಾಪಸ್ ಕೇಳ್ತಾಳೆ ಅಂತ ಭಯ ಇತ್ತು. ಆಮೇಲೆ, ಕೇಳೋದೇ ಇಲ್ಲ ಅಂತ ಗೊತ್ತಾಯ್ತು. ಅದು ಇನ್ನೂ ಕಷ್ಟ ಆಯ್ತು,” ಎಂದರು.

ವಿಳಾಸ ಕೇಳಿದರು. ನಿಮ್ಮನ್ನು ಕೇಳದೆ ಕೊಡಲಾರೆ ಎಂದೆ. ಕೊಡಲೇ?

ಹಲ್ಲಿನ ಡಾಕ್ಟರು

ಅಕ್ಟೋಬರ್ 19

ಡಾಕ್ಟರರಿಗೆ ನಮಸ್ಕಾರ,

ನೀವು ಬರೆದಿದ್ದನ್ನು ಓದಿದ ದಿನವೇ ಮನೆಯವಳು ನಿಮಗೆ ಫೋನ್ ಮಾಡಿ ‘ಕೊಡಿ’ ಎಂದಳಷ್ಟೆ. ಮುಂದಿನದನ್ನು ನಾನು ಬರೆಯಬೇಕೆಂದು ಅವಳ ಅಪ್ಪಣೆ.

ಮಹಾರಾಣಿ ಬಂದರು. ಬಾಡಿಗೆ ಕಾರು, ಸಾದಾ ಬಟ್ಟೆ, ಕೈಯಲ್ಲೊಂದು ಬಟ್ಟೆಚೀಲ. ಎದುರು ಮನೆಯ ವಿಮಾ ಏಜೆಂಟ್ ಗೇಟಿನ ಹತ್ತಿರ ನಿಂತಿದ್ದ. ಆಕೆಯ ಗುರುತು ಅವನಿಗೆ ಹತ್ತಲಿಲ್ಲ. “ನಮ್ಮ ಮೇಷ್ಟ್ರ ಮನೆಯವರ ಹೆಸರೂ ಸಿನಿಮಾದವರದ್ದೇ ಗೊತ್ತಾ ಮೇಡಂ?” ಎಂದು ಎಂದಿನ ಜೋಕು ಹೊಡೆದ. “ಹೌದಾ? ಸಿನಿಮಾದವರ ಹೆಸರೇ ಇವರದ್ದು ಅಂತ ನಾನು ಕೇಳಿದ್ದೆ,” ಎಂದು ಆಕೆ ಒಳಗೆ ಬಂದರು. ಅವನಿನ್ನೂ ಅದನ್ನು ಬಿಡಿಸುತ್ತಿರಬೇಕು.

ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಭಾವ, ನನ್ನ ಮೇಲೆ ಕಂಪ್ಲೇಂಟ್ ಕೊಟ್ಟವರು ನೀವೇನಾ?” ಎಂದರು. ಭಾವ ಅಂದುಬಿಟ್ಟರು! ನಾನು ಬಟ್ಟೆಚೀಲ ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಮನೆಯವಳು ಒಳಗಿಂದ ಬಂದಳು. ಇಬ್ಬರೂ ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ನಡುಮನೆಯಲ್ಲಿ ಕೂತೆ. ಒಳಗೆ ಪಿಸುಮಾತು. ಆಮೇಲೆ ಜೋರು ನಗು. ಆಮೇಲೆ ಪಾತ್ರೆಗಳ ಸದ್ದು. ಮತ್ತೆ ನಗು. ನನ್ನ ವಿಷಯಕ್ಕೇ ನಗುತ್ತಿದ್ದಾರೆ ಎನ್ನಿಸಿತು. ಎದ್ದು ಬಾಗಿಲಿಗೆ ಕಿವಿಗೊಡಲು ಹೊರಟವನು ಅರ್ಧದಲ್ಲೇ ನಿಂತು ವಾಪಸ್ ಬಂದೆ. ಇದು ನನಗೆ ಸುಲಭವಾಗಲಿಲ್ಲ ಎಂದು ನೀವು ನಂಬಬೇಕು.

ಆಕೆ ಹೊರಟ ಮೇಲೆ, ಬಿಸಿಲು ಇಳಿಯುತ್ತಿದ್ದಾಗ, ಮೆಟ್ಟಿಲ ಮೇಲೆ ಕೂತು ಮನೆಯವಳನ್ನು ಕೇಳಿದೆ. ಹೀಗಿರಬೇಕು, ಹಾಗಿರಬೇಕು ಎನ್ನದೆ ಬರೀ ಕೇಳಿದೆ. “ನಿನಗೆ ಸಿನಿಮಾಕ್ಕೆ ಹೋಗೋ ಮನಸ್ಸು ನಿಜವಾಗ್ಲೂ ಇರಲಿಲ್ವಾ?”

“ಇತ್ತು. ಅವಳನ್ನ ಕಳಿಸೋಕೆ ಸ್ಟೇಷನ್ನಿಗೆ ಹೋದಾಗ ನನ್ನ ಪೆಟ್ಟಿಗೇನೂ ತಗೊಂಡೇ ಹೋಗಿದ್ದೆ. ಇಬ್ಬರೂ ಹೋಗೋಣ, ಯಾರು ಯಾರು ಅಂತ ಅಲ್ಲೇ ಹೇಳೋಣ ಅಂತ. ರೈಲು ಬಂತು. ಅವಳು ಹತ್ತಿದ್ಲು. ನಾನು ಹತ್ತಲಿಲ್ಲ.”

“ಯಾಕೆ?”

“ಕಾಲು ಏಳಲಿಲ್ಲ.”

ಡಾಕ್ಟರರೇ, ಇಷ್ಟು ವರ್ಷ ನಾನು ಕಳ್ಳರನ್ನು ಹುಡುಕಿದೆ. ಅಲ್ಲಿ ಕಳ್ಳರಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಪೆಟ್ಟಿಗೆ ಹಿಡಿದು ನಿಂತ ಒಬ್ಬ ಹುಡುಗಿಯಿದ್ದಳು, ಅವಳ ಜೊತೆಯೇ ನಾನು ಸಂಸಾರ ಮಾಡಿಕೊಂಡಿದ್ದೆ, ಅವಳ ಪರಿಚಯವೇ ನನಗಿರಲಿಲ್ಲ. ಆ ರೈಲು ಹತ್ತಿದ್ದರೆ ನನಗೆ ಸಿಗುತ್ತಿರಲಿಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ಎರಡನ್ನೂ ಅವಳಿಗೆ ಹೇಳಿದೆ. “ಸರಿ ಬಿಡಿ,” ಅಂದಳು. ಆ ‘ಬಿಡಿ’ಗೆ ಈ ಸಲ ನಾನಾಗಿ ಯಾವ ಅರ್ಥವನ್ನೂ ಕಟ್ಟಲಿಲ್ಲ.

ಸಂಚಿಕೆ ನಿಮ್ಮಲ್ಲೇ ಇರಲಿ. ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅವಳಿಗೆ ಪೂರ್ತಿ ಓದಿ ಹೇಳಿದ್ದೇನೆ. ಕೆಳಗೆ ಒಂದಿಷ್ಟು ಜಾಗ ಬಿಡಿ ಎಂದಳು. ಬಿಟ್ಟಿದ್ದೇನೆ.

ಡ್ರಿಲ್ ಮೇಷ್ಟ್ರು

ಡಾಕ್ಟರಮ್ಮ, ಇವರು ಬರೆದದ್ದೆಲ್ಲ ಸರಿಯಾಗಿದೆ, ಒಂದು ಮಾತು ಬಿಟ್ಟು. ಅದು ಯಾವುದು ಅಂತ ಇವರಿಗೆ ಹೇಳಿಲ್ಲ. ಇವರಾಗಿಯೇ ಬಂದು ಕೇಳಲಿ.